ಬಾಗಿಲಲ್ಲಿ ಒಪ್ಪಿಸುವ ಪ್ರವರ

ಹಿರಿಯರೆದುರಿಗೆ ಬಂದ ವಟುವು ಎರಡು ಕಿವಿಗಳನ್ನೂ ಮುಟ್ಟಿಕೊಂಡು, ಋಷಿಗಳ ಹೆಸರುಗಳನ್ನೂ ಗೋತ್ರಸೂತ್ರಗಳನ್ನೂ ಒಪ್ಪಿಸಿ, ಕಟ್ಟಕಡೆಗೆ ತನ್ನ ಹೆಸರನ್ನು ಹೇಳಿ ಅಡ್ಡಬೀಳುವ ಪದ್ಧತಿ ನಮ್ಮ ಕೆಲವು ಮನೆತನಗಳಲ್ಲಿ ಉಂಟು. ಈಗ ಅದು ಉಪನಯನದ ದಿನಕ್ಕಷ್ಟೇ ಮೀಸಲಾಗಿ ಮರುದಿನವೇ ಮರೆತುಹೋಗುತ್ತಿದೆಯೆಂದು ವೃದ್ಧರು ಕೊರಗುತ್ತಾರೆ. ಅವರು ಅಷ್ಟೊಂದು ಕೊರಗಬೇಕಾಗಿಲ್ಲ. ಅವರದೇ ಜುಬ್ಬದ ಜೇಬಿನಲ್ಲಿರುವ ಮೊಬೈಲು ದಿನಕ್ಕೆ ನೂರಾರು ಸಲ, ಒಂದಕ್ಷರವೂ ತಪ್ಪದಂತೆ, ಪ್ರವರವನ್ನು ಒಪ್ಪಿಸುತ್ತಲೇ ಇದೆ.

ನಾವು ಒಂದು ಜಾಲತಾಣದ ವಿಳಾಸವನ್ನು ಒತ್ತಿದೊಡನೆ ನಮ್ಮ ಬ್ರೌಸರು ಆ ತಾಣದ ಬಾಗಿಲಿಗೆ ಹೋಗಿ ಪುಟವನ್ನು ಬೇಡುತ್ತದೆ. ಬೇಡುವಾಗಲೇ ತಾನು ಯಾರೆಂಬುದನ್ನೂ ಒಂದು ಸಾಲಿನಲ್ಲಿ ಅರುಹುತ್ತದೆ. ಬಲ್ಲವರು ಈ ಸಾಲನ್ನು ‘ಯೂಸರ್ ಏಜೆಂಟ್’ ಎಂದು ಕರೆಯುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿರುವ ಕ್ರೋಮ್ ಬ್ರೌಸರಿನ ಸಾಲು ಸುಮಾರಾಗಿ ಹೀಗಿರುತ್ತದೆ: ‘ಮೊಜಿಲ್ಲಾ 5.0, ಲಿನಕ್ಸ್, ಆಂಡ್ರಾಯ್ಡ್ 10, ಕೆ, ಆಪಲ್‌ವೆಬ್‌ಕಿಟ್ 537.36, ಕೆಎಚ್‌ಟಿಎಂಎಲ್, ಲೈಕ್ ಗೆಕೊ, ಕ್ರೋಮ್, ಮೊಬೈಲ್, ಸಫಾರಿ 537.36.’ ಇದನ್ನು ಪ್ರವರವೆನ್ನದೆ ಮತ್ತೇನೆನ್ನೋಣ? ಇದರ ಸ್ವಾರಸ್ಯವಿರುವುದು ಇನ್ನೊಂದು ಸಂಗತಿಯಲ್ಲಿ. ಕ್ರೋಮ್ ಮೊಜಿಲ್ಲಾ ಅಲ್ಲ, ಗೆಕೊ ಅಲ್ಲ, ಸಫಾರಿಯಂತೂ ಅಲ್ಲವೇ ಅಲ್ಲ. ಇಷ್ಟು ಉದ್ದದ ಸಾಲಿನಲ್ಲಿ ಅದು ತನ್ನದೆಂದು ಧೈರ್ಯವಾಗಿ ಹೇಳಿಕೊಳ್ಳಬಹುದಾದ ಹೆಸರು ಒಂದೇ ಒಂದು, ಉಳಿದುವೆಲ್ಲ ಎರವಲು.

ಈ ಎರವಲಿಗೆ ಒಂದು ಇತಿಹಾಸವಿದೆ. ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಮೊಸಾಯಿಕ್ ಎಂಬ ಬ್ರೌಸರು ಹುಟ್ಟಿ ಜನಪ್ರಿಯವಾಯಿತು. ಮರುವರ್ಷವೇ ಅದನ್ನು ಮೀರಿಸಲು ನೆಟ್‌ಸ್ಕೇಪ್ ಹೊರಬಂದಿತು. ಅದನ್ನು ಕಟ್ಟಿದವರು ತಮ್ಮೊಳಗೆ ಅದಕ್ಕೆ ಇಟ್ಟುಕೊಂಡಿದ್ದ ಹೆಸರು ‘ಮೊಜಿಲ್ಲಾ’, ಎಂದರೆ ಮೊಸಾಯಿಕ್ಕನ್ನು ಮುಗಿಸುವ ರಾಕ್ಷಸ. ಪುಟವನ್ನು ಚೌಕಟ್ಟುಗಳಾಗಿ ವಿಭಜಿಸುವುದೇ ಮೊದಲಾದ ಹೊಸ ಬೆಡಗುಗಳನ್ನು ನೆಟ್‌ಸ್ಕೇಪ್ ಕಲಿತಿತ್ತು. ಜಾಲತಾಣದವರು ಏನು ಮಾಡಿದರು? ‘ಮೊಜಿಲ್ಲಾ’ ಎಂದು ಹೇಳಿಕೊಂಡು ಬಂದವನಿಗೆ ಬೆಡಗಿನ ಪುಟ, ಉಳಿದವರಿಗೆ ಸಪ್ಪೆ ಪುಟ ಎಂದು ಪಂಕ್ತಿಭೇದವನ್ನು ಆರಂಭಿಸಿದರು. 1995ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಣಕ್ಕಿಳಿಯಿತು. ತನಗೂ ಮೃಷ್ಟಾನ್ನವೇ ಬೇಕೆಂದು ಅದು ‘ನಾನೂ ಮೊಜಿಲ್ಲಾ’ ಎಂದು ಹೇಳಿಕೊಳ್ಳತೊಡಗಿ, ‘ಅವನಿಗೆ ಹೊಂದುವವನು’ ಎಂದು ಆವರಣದಲ್ಲಿ ಸಣ್ಣದಾಗಿ ಸೇರಿಸಿಕೊಂಡಿತು. 2003ರಲ್ಲಿ ಬಂದ ಆಪಲ್ ಕಂಪನಿಯ ಸಫಾರಿ ‘ನಾನು ಗೆಕೊನಂಥವನು’ ಎಂದಿತು. 2008ರಲ್ಲಿ ಬಂದ ಕ್ರೋಮ್ ಹಿಂದಿನವರೆಲ್ಲರ ಹೆಸರನ್ನೂ ಒಟ್ಟಿಗೆ ಜಪಿಸಿತು. 2013ರಲ್ಲಿ ಬಂದ ಎಕ್ಸ್‌ಪ್ಲೋರರ್ 11 ಎಂಬುದಂತೂ ತನ್ನ ಹಳೆಯ ಹೆಸರನ್ನೇ ಬಿಟ್ಟುಕೊಟ್ಟು ‘ಲೈಕ್ ಗೆಕೊ’ ಎಂದು ಮೊಗಮುಚ್ಚಿಕೊಂಡಿತು. ಹೆಸರು ಹೇಳಿದರೆ ಬಾಗಿಲಲ್ಲೇ ಹಳಸಿದ್ದನ್ನು ಬಡಿಸುತ್ತಾರೆಂಬ ಭಯ ಅದಕ್ಕೆ! ಮೂಲದ ನೆಟ್‌ಸ್ಕೇಪ್ 2008ರಲ್ಲೇ ಕಣ್ಣು ಮುಚ್ಚಿತು. ಅದರ ಹೆಸರನ್ನು ಮಾತ್ರ ಜಗತ್ತಿನ ಬ್ರೌಸರುಗಳೆಲ್ಲ ಇಂದಿಗೂ ಮೊಟ್ಟಮೊದಲು ಉಚ್ಚರಿಸುತ್ತವೆ. ಹೆತ್ತ ಮಕ್ಕಳಿಂದಲೂ ಇಂಥ ಪಿತೃತರ್ಪಣ ದೊರೆಯುವುದು ದುರ್ಲಭ.

ಕನಕದಾಸರ ‘ನಳಚರಿತ್ರೆ’ಯಿಂದ ನಮ್ಮವರಿಗೆಲ್ಲ ಪರಿಚಿತವಾದ ದಮಯಂತೀ ಸ್ವಯಂವರವನ್ನು ವಾಚಕರು ಇಲ್ಲಿ ನೆನೆಯಬೇಕು. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪವನ್ನೇ ತಳೆದು ಸಭೆಯಲ್ಲಿ ಕುಳಿತಿದ್ದಾರೆ. ಐದನೆಯವನು ನಿಜವಾದ ನಳ. ‘ನಿನ್ನ ಹೆಸರೇನು’ ಎಂದು ಕೇಳಿದರೆ ಐವರೂ ಒಂದೇ ಹೆಸರನ್ನು ಹೇಳುವವರು. ಮಹಾಭಾರತದ ಕಥೆಯಲ್ಲಿ ಆ ಜಾಣೆಯ ನೆರವಿಗೆ ಬಂದುದು ಹೆಸರಲ್ಲ, ಲಕ್ಷಣ. ಅವಳ ಮೊರೆಗೆ ದೇವತೆಗಳು ಕರಗಿ ತಮ್ಮ ಗುರುತುಗಳನ್ನು ತೋರಿಸಿದರು: ಅವರ ಕಣ್ಣೆವೆ ಬಡಿಯದು, ಮೈ ಬೆವರದು, ಕೊರಳ ಮಾಲೆ ಬಾಡದು, ಕಾಲು ನೆಲಕ್ಕೆ ತಾಗದು. ನೆಲದ ಮೇಲೆ ನಿಂತವನು, ಬೆವರಿದವನು, ನೆರಳುಳ್ಳವನು ಯಾರೋ ಅವನಿಗೇ ಮಾಲೆ ಬಿದ್ದಿತು. ಜಾಲತಾಣಗಳನ್ನು ಕಟ್ಟುವ ನಮ್ಮ ತರುಣರಿಗೆ ಈ ಉಪಾಖ್ಯಾನವನ್ನು ಪಠ್ಯವಾಗಿ ಇಡಿಸಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. (ಕನ್ನಡ ಅಧ್ಯಾಪಕನಾದವನಿಗೆ ಎಲ್ಲಕ್ಕೂ ಕಾವ್ಯವನ್ನೇ ಪಠ್ಯವಾಗಿಡಿಸುವ ಚಪಲ ಸಹಜ, ವಾಚಕರು ಮನ್ನಿಸಬೇಕು.)

ಇದರಿಂದ ಮನೆವಾರ್ತೆಯ ಜನರಿಗಾದ ತೊಂದರೆ ಏನೆಂದರೆ ಹೇಳುತ್ತೇನೆ. ಜಾಲವು ಮೊಬೈಲಿಗೆ ಇಳಿದ ಮೊದಲ ವರ್ಷಗಳಲ್ಲಿ, ಎಂದರೆ 1999–2000ರ ಸುಮಾರಿನಲ್ಲಿ, ಫೋನಿನ ಪರದೆ ಬೆಂಕಿಪೊಟ್ಟಣದಷ್ಟು. ಅದರ ಮೇಲೆ ನಾಲ್ಕೈದು ಸಾಲು ಮೂಡಿದರೆ ಅದೇ ಭಾಗ್ಯ. ಆಗ ಮೊಬೈಲಿನವರಿಗೆಂದೇ ಬೇರೆ ತಾಣವನ್ನು ಕಟ್ಟಿದುದರಲ್ಲಿ ನ್ಯಾಯವಿತ್ತು. ವಿಳಾಸದ ಮೊದಲಲ್ಲಿ ‘ಎಂ’ ಎಂಬ ಒಂದಕ್ಷರವನ್ನು ಸೇರಿಸಿ ಹಿತ್ತಿಲ ಬಾಗಿಲೊಂದನ್ನು ತೆರೆದರು. 2006ರಲ್ಲಿ ‘ಡಾಟ್ ಮೊಬಿ’ ಎಂದು ಕೊನೆಗೊಳ್ಳುವ ವಿಳಾಸಗಳೂ ಮಾರಾಟಕ್ಕೆ ಬಂದವು. ಮುಂಬಾಗಿಲಲ್ಲಿ ಸರ್ವರು ಪ್ರವರವನ್ನು ಕೇಳಿ, ಅದರಲ್ಲಿ ಐಫೋನ್, ಆಂಡ್ರಾಯ್ಡ್, ಬ್ಲ್ಯಾಕ್‌ಬೆರಿ, ಮೊಬೈಲ್ ಎಂಬ ಶಬ್ದಗಳಲ್ಲಿ ಒಂದಾದರೂ ಕಿವಿಗೆ ಬಿದ್ದರೆ ‘ನೀನು ಹಿತ್ತಿಲಿಗೆ ನಡೆ’ ಎಂದು ಅಟ್ಟುವುದು ರೂಢಿಯಾಯಿತು. ಹೊಸ ಫೋನು ಬಂದ ಹಾಗೆಲ್ಲ ಪಟ್ಟಿಗೆ ಹೊಸ ಹೆಸರು ಸೇರಬೇಕು. ಸಾವಿರಾರು ಫೋನುಗಳ ಹೆಸರು, ಪರದೆಯ ಅಳತೆ, ಗುಣಾವಗುಣಗಳನ್ನು ಬರೆದಿಟ್ಟ ದೊಡ್ಡ ಕೋಶಗಳೇ ಹುಟ್ಟಿಕೊಂಡವು.

2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಐಫೋನನ್ನು ಲೋಕಕ್ಕೆ ತೋರಿಸಿದಾಗ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಪುಟವನ್ನು ಇಡಿಯಾಗಿ ಅಂಗೈಯಲ್ಲಿ ಬಿಡಿಸಿಟ್ಟರು. ಮೊಬೈಲಿಗೆಂದು ಕತ್ತರಿಸಿದ ಪುಟವಲ್ಲ, ಪೂರ್ತಿ ಪುಟ. ಅಂದಿನಿಂದ ಹಿತ್ತಿಲ ಬಾಗಿಲಿನ ಅವಶ್ಯಕತೆ ಕುಗ್ಗುತ್ತ ಬರಬೇಕಾಗಿತ್ತು. ಆದದ್ದು ವಿರುದ್ಧ. ಫೋನುಗಳು ಹೆಚ್ಚಿದಂತೆ ಹಿತ್ತಿಲ ಬಾಗಿಲುಗಳೂ ಹೆಚ್ಚಿದವು. 2010ರಲ್ಲಿ ಒಂಬತ್ತೂ ಮುಕ್ಕಾಲು ಅಂಗುಲದ ಐಪ್ಯಾಡ್ ಬಂದಾಗ ಅದರ ಪ್ರವರದಲ್ಲೂ ‘ಮೊಬೈಲ್’ ಎಂಬ ಶಬ್ದವಿದ್ದುದರಿಂದ, ಆ ಒಂದು ಶಬ್ದಕ್ಕೆ ಮಾತ್ರ ಕಿವಿಗೊಡುತ್ತಿದ್ದ ತಾಣಗಳು ಆ ದೊಡ್ಡ ಪರದೆಗೂ ಅಂಗೈ ಅಗಲದ ಪುಟವನ್ನೇ ಎಳೆದು ಹಿಗ್ಗಿಸಿ ಕೊಟ್ಟವು. ಭೀಮನಿಗೆ ಸಹದೇವನ ಅಂಗಿಯನ್ನು ತೊಡಿಸಿದಂತಾಯಿತು.

ಒಂದೇ ಮನೆಯಲ್ಲಿ ಎರಡು ಒಲೆ ಉರಿದರೆ ಏನಾಗುವುದೆಂಬುದು ಗೃಹಿಣಿಯರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಮುಂಬಾಗಿಲ ಪುಟದಲ್ಲಿ ದಿನಾಂಕ ಬದಲಾಗುತ್ತದೆ, ಹಿತ್ತಿಲಿನದರಲ್ಲಿ ಹಳೆಯದೇ ನಿಂತಿರುತ್ತದೆ. ‘ಮೊಬೈಲಿನವರಿಗೆ ಇಷ್ಟೆಲ್ಲ ಏಕೆ’ ಎಂದು ಯಾರೋ ಕೆಲವು ಪುಟಗಳನ್ನು ತೆಗೆದೇ ಹಾಕುತ್ತಾರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬಂದವನು ತಾಣದ ಒಳಗಿನ ಯಾವುದೋ ಒಂದು ಪುಟವನ್ನು ಕೇಳಿಕೊಂಡು ಬಂದಿರುತ್ತಾನೆ. ಬಾಗಿಲವನು ಅವನು ಏನು ಕೇಳಿದನೆಂಬುದನ್ನು ಕಿವಿಗೇ ಹಾಕಿಕೊಳ್ಳದೆ, ಪ್ರವರವನ್ನಷ್ಟೇ ಆಲಿಸಿ, ಹಿತ್ತಿಲ ತಾಣದ ಮೊದಲ ಪುಟಕ್ಕೆ ತಂದು ನಿಲ್ಲಿಸಿಬಿಡುತ್ತಾನೆ. ಅಲ್ಲಿಂದ ಬೇಕಾದ ಪುಟವನ್ನು ಹುಡುಕಿಕೊಳ್ಳುವುದು ಬಂದವನ ಹಣೆಬರಹ. ಆ ಪುಟ ಅಲ್ಲಿ ಇಲ್ಲದೆಯೂ ಇರಬಹುದು. ಈ ದೋಷ ಎಷ್ಟು ವ್ಯಾಪಿಸಿತ್ತೆಂದರೆ, ಹೀಗೆ ದಾರಿತಪ್ಪಿಸುವ ತಾಣಗಳನ್ನು ಹುಡುಕಾಟದ ಫಲಿತಾಂಶಗಳಲ್ಲಿ ಕೆಳಕ್ಕೆ ತಳ್ಳುವುದಾಗಿ ಗೂಗಲ್ ಸಂಸ್ಥೆ 2013ರ ಜೂನ್ ತಿಂಗಳಲ್ಲಿ ಬಹಿರಂಗವಾಗಿ ಎಚ್ಚರಿಸಬೇಕಾಯಿತು.

ಎಚ್ಚರಿಕೆಗಳು ಎಲ್ಲರ ಕಿವಿಗೂ ತಲಪುವುದಿಲ್ಲ. ಕಳೆದ ವರ್ಷ ನಮ್ಮ ಎರಡನೆಯ ಬಿ.ಎ. ತರಗತಿಯ ಹುಡುಗಿಯೊಬ್ಬಳು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ತಾಯಿ ಬಟ್ಟೆ ಹೊಲಿದು ಸಂಸಾರ ನಡೆಸುವವರು. ಹೆಸರು ಹೇಳುವುದು ಬೇಡವಾದ ಒಂದು ಧರ್ಮಸಂಸ್ಥೆ ವಿದ್ಯಾರ್ಥಿವೇತನ ಕೊಡುವುದಾಗಿ ಪ್ರಕಟಿಸಿತ್ತು. ಅರ್ಜಿಗೆ ಅಂದೇ ಕಡೆಯ ದಿನ.

“ಸಾರ್, ಅರ್ಜಿಯ ಪುಟಕ್ಕೆ ಹೋಗೋದೇ ಇಲ್ಲ. ಒತ್ತಿದ ಕೂಡಲೇ ಮೊದಲನೇ ಪುಟಕ್ಕೆ ಬಂದುಬಿಡುತ್ತೆ.”

“ಇನ್ನೊಂದು ಸಲ ಒತ್ತಿ ನೋಡಮ್ಮ.”

“ಬೆಳಗಿನಿಂದ ಅದನ್ನೇ ಮಾಡ್ತಿದೀನಿ ಸಾರ್.”

ಅದೇ ಕೊಂಡಿಯನ್ನು ನಮ್ಮ ಕೊಠಡಿಯ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಜಿ ತಟಕ್ಕನೆ ಎದುರಿಗೆ ಬಂದಿತು. ಅವಳ ಫೋನಿನಲ್ಲಿ ಮತ್ತೆ ಮತ್ತೆ ಸ್ವಾಗತದ ಪುಟ, ಸಂಸ್ಥಾಪಕರ ಭಾವಚಿತ್ರ, ಆಶೀರ್ವಚನ. ಅವಳ ಅಂಕಪಟ್ಟಿ, ಬ್ಯಾಂಕಿನ ಪುಸ್ತಕದ ಚಿತ್ರ ಎಲ್ಲವೂ ಇದ್ದದ್ದು ಆ ಫೋನಿನಲ್ಲಿಯೇ. ಬ್ರೌಸರಿನ ಮೂಲೆಯಲ್ಲಿರುವ ಮೂರು ಚುಕ್ಕಿಗಳನ್ನು ಒತ್ತಿ ‘ಡೆಸ್ಕ್‌ಟಾಪ್ ಸೈಟ್’ ಎಂಬುದಕ್ಕೆ ಗುರುತು ಹಾಕುವಂತೆ ನಾನು ಹೇಳಿದೆ. ಹಾಗೆ ಮಾಡಿದೊಡನೆ ಕ್ರೋಮ್ ತನ್ನ ಪ್ರವರದಿಂದ ಆಂಡ್ರಾಯ್ಡ್, ಮೊಬೈಲ್ ಎಂಬ ಶಬ್ದಗಳನ್ನು ಕೈಬಿಟ್ಟು, ಮೇಜಿನ ಮೇಲಿನ ಲಿನಕ್ಸ್ ಕಂಪ್ಯೂಟರೆಂದು ಹೇಳಿಕೊಳ್ಳುತ್ತದೆ. ಬಾಗಿಲು ತೆರೆಯಿತು. ಅಕ್ಷರಗಳು ಇರುವೆಗಳಂತೆ, ಎರಡು ಬೆರಳುಗಳಿಂದ ಹಿಗ್ಗಿಸುತ್ತ, ಆ ಕಡೆ ಈ ಕಡೆ ಸರಿಸುತ್ತ, ಸಂಜೆಯ ಹೊತ್ತಿಗೆ ಅರ್ಜಿ ಮುಗಿಯಿತು. ಅವಳಿಗೆ ವೇತನವೂ ಬಂದಿತು. ಅದೇ ತರಗತಿಯ ಇನ್ನಿಬ್ಬರು ಹುಡುಗಿಯರಿಗೂ ಹೀಗೆಯೇ ಆಗಿದ್ದಿತೆಂಬುದು ನನಗೆ ತಿಳಿದದ್ದು ವಾರ ಕಳೆದ ಮೇಲೆ. ಅವರು ತಮ್ಮ ಫೋನೇ ಕೆಟ್ಟಿದೆಯೆಂದು ಭಾವಿಸಿ ಸುಮ್ಮನಾಗಿದ್ದರು.

ಆ ತಾಣವನ್ನು ಕಟ್ಟಿದವನು ದುಷ್ಟನೆಂದು ನಾನು ಹೇಳಲಾರೆ. ಅವನ ಮೇಜಿನ ಮೇಲೆ ದೊಡ್ಡ ಕಂಪ್ಯೂಟರು ಇದ್ದಿರಬೇಕು. ಅದರಲ್ಲಿ ಎಲ್ಲವೂ ಸರಿಯಾಗಿ ಕಂಡಿರಬೇಕು. ಫೋನಿನಲ್ಲಿ ಬರುವವರು ಕಚೇರಿಯ ವೇಳೆ, ದೂರವಾಣಿಯ ಸಂಖ್ಯೆ ಇಷ್ಟನ್ನು ನೋಡಿಕೊಂಡು ಹೋಗುವವರು, ನಿಜವಾದ ಕೆಲಸಕ್ಕೆ ಮನೆಯ ಕಂಪ್ಯೂಟರಿಗೆ ಬರುತ್ತಾರೆ ಎಂಬುದು ಅವನ ಎಣಿಕೆ. ಆದರೆ ನಮ್ಮ ದೇಶದಲ್ಲಿ ಜಾಲಕ್ಕೆ ಬರುವವರಲ್ಲಿ ಬಹುಪಾಲು ಮಂದಿ ಬರುವುದು ಫೋನಿನಿಂದ. ಅವರಲ್ಲಿ ಎಷ್ಟೋ ಜನರಿಗೆ ಬೇರೆ ಸಾಧನವೇ ಇಲ್ಲ. ಹಿತ್ತಿಲ ತಾಣದಿಂದ ತೆಗೆದುಹಾಕಿದ ಪುಟ ಅವರ ಪಾಲಿಗೆ ಎಲ್ಲಿಯೂ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ಉತ್ತರ ಹಳೆಯದೇ. 2010ರ ಮೇ ತಿಂಗಳಲ್ಲಿ ಅಮೆರಿಕೆಯ ಈಥನ್ ಮಾರ್ಕಟ್ ಎಂಬ ವಿನ್ಯಾಸಕಾರರು ಒಂದು ಲೇಖನವನ್ನು ಬರೆದು, ಎರಡು ತಾಣಗಳೇಕೆ, ಒಂದೇ ಪುಟ ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳಲಿ ಎಂದರು. ಹೊಲಿದ ಅಂಗಿಗೆ ಮೈಯ ಅಳತೆ ಬೇಕು, ಅಳತೆ ತಪ್ಪಿದರೆ ಅಂಗಿ ವ್ಯರ್ಥ. ಸೀರೆಗೆ ಆ ಕಷ್ಟವಿಲ್ಲ. ತಾಯಿಯ ಸೀರೆಯನ್ನು ಮಗಳು ಉಡುವಾಗ ನೆರಿಗೆ ಒಂದೆರಡು ಹೆಚ್ಚಬಹುದು, ಕಡಿಮೆಯಾಗಬಹುದು, ಸೀರೆ ಅದೇ. ಮಾರ್ಕಟ್ ಹೇಳಿದ್ದು ಈ ನೆರಿಗೆಯ ವಿದ್ಯೆಯನ್ನು. ಪರದೆ ಇಷ್ಟು ಅಗಲಕ್ಕಿಂತ ಕಡಿಮೆಯಿದ್ದರೆ ಮೂರು ಅಂಕಣಗಳು ಒಂದರ ಕೆಳಗೊಂದು ಬರಲಿ, ಚಿತ್ರ ಕುಗ್ಗಲಿ, ಕೊಂಡಿಗಳು ಬೆರಳಿಗೆ ಸಿಗುವಷ್ಟು ದಪ್ಪವಾಗಲಿ ಎಂದು ಪುಟದಲ್ಲಿಯೇ ಬರೆದಿಡುವುದು. ಹೀಗೆ ಬರೆಯುವ ಕ್ರಮವನ್ನು ಜಾಲದ ನಿಯಮಗಳನ್ನು ರೂಪಿಸುವ ಡಬ್ಲ್ಯೂತ್ರೀಸಿ ಮಂಡಲಿ 2012ರ ಜೂನ್‌ನಲ್ಲಿ ವಿಧಿವತ್ತಾಗಿ ಅಂಗೀಕರಿಸಿತು. ಇದರ ಜೊತೆಗೆ ಇನ್ನೊಂದು ಸಾಲು ಅವಶ್ಯ. ಏನನ್ನೂ ಹೇಳದಿದ್ದರೆ ಐಫೋನು ತನ್ನ ಪರದೆ 980 ಬಿಂದುಗಳಷ್ಟು ಅಗಲವೆಂದು ನಟಿಸಿ ಪುಟವನ್ನು ಕುಗ್ಗಿಸಿ ತೋರಿಸುತ್ತದೆ. ‘ಸಾಧನದ ಅಗಲವೇ ನಿನ್ನ ಅಗಲ’ ಎಂದು ಪುಟದ ತಲೆಯಲ್ಲಿ ಬರೆದರೆ ನಟನೆ ನಿಲ್ಲುತ್ತದೆ. ಇಲ್ಲಿ ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ದಮಯಂತಿಯಂತೆ ಲಕ್ಷಣವನ್ನು ನೋಡುತ್ತಾರೆ: ಪರದೆ ಎಷ್ಟು ಅಗಲ, ಬೆರಳಿನ ಸ್ಪರ್ಶಕ್ಕೆ ಓಗೊಡುತ್ತದೆಯೇ? 2019ರಲ್ಲಿ ಮಡಿಸುವ ಫೋನುಗಳು ಮಾರುಕಟ್ಟೆಗೆ ಬಂದ ಮೇಲೆ ಈ ಮಾರ್ಗವೇ ಸರಿಯೆಂಬುದು ಮತ್ತಷ್ಟು ಸ್ಪಷ್ಟವಾಯಿತು. ಮಡಿಸಿದಾಗ ಅದು ಅಂಗೈ, ಬಿಡಿಸಿದಾಗ ಪುಸ್ತಕ. ಪ್ರವರ ಮಾತ್ರ ಎರಡಕ್ಕೂ ಒಂದೇ.

ಪ್ರವರವನ್ನು ಕೇಳುವುದೇ ತಪ್ಪೆಂದು ನನ್ನ ವಾದವಲ್ಲ. 1996ರ ಮೇ ತಿಂಗಳಲ್ಲಿ ಪ್ರಕಟವಾದ ಎಚ್‌ಟಿಟಿಪಿ ನಿಯಮಪತ್ರವೇ ಅದಕ್ಕೆ ಪ್ರಯೋಜನಗಳನ್ನು ಹೇಳಿದೆ: ಬಂದವರ ಲೆಕ್ಕವಿಡುವುದು, ನಿಯಮ ಮೀರಿದವರನ್ನು ಪತ್ತೆಹಚ್ಚುವುದು, ಯಾವುದಾದರೂ ಬ್ರೌಸರಿಗೆ ಕುಂದಿದ್ದರೆ ಅದನ್ನರಿತು ಉತ್ತರವನ್ನು ಹೊಂದಿಸುವುದು. ಬ್ಯಾಂಕಿನ ಆ್ಯಪ್ ಬೇಕೆಂದವನನ್ನು, ಐಫೋನಿದ್ದರೆ ಒಂದು ಅಂಗಡಿಗೆ, ಆಂಡ್ರಾಯ್ಡ್ ಇದ್ದರೆ ಇನ್ನೊಂದು ಅಂಗಡಿಗೆ ಕಳುಹಿಸುವುದು ಉಪಕಾರವೇ. ಕನ್ನಡ ಅಕ್ಷರಗಳೆಲ್ಲ ಚೌಕಗಳಾಗಿ ಕಾಣುತ್ತಿದ್ದ ಹಳೆಯ ಫೋನುಗಳ ಕಾಲದಲ್ಲಿ, ಒಪೆರಾ ಮಿನಿ ಬ್ರೌಸರು ಅಕ್ಷರಗಳನ್ನು ಚಿತ್ರಗಳಾಗಿ ಮಾಡಿ ಕಳುಹಿಸುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. ಅಲ್ಲಿ ‘ನನ್ನ ಫೋನಿಗೆ ಈ ಲಿಪಿ ಬಾರದು’ ಎಂದು ನಾವೇ ಗುರುತು ಹಾಕಿ ಹೇಳುತ್ತಿದ್ದೆವು. ಕೇಳಿ ತಿಳಿದು ಬಡಿಸುವುದಕ್ಕೂ ಮುಖ ನೋಡಿ ಊಹಿಸಿ ಬಡಿಸುವುದಕ್ಕೂ ಬಹಳ ಅಂತರವುಂಟು.

ಅಟ್ಟಲೇಬೇಕಾದರೆ ಅದಕ್ಕೂ ಒಂದು ಮರ್ಯಾದೆಯ ಕ್ರಮವಿದೆ. ಕೇಳಿದ ಪುಟಕ್ಕೆ ಸರಿಸಮನಾದ ಪುಟಕ್ಕೇ ಕಳುಹಿಸಬೇಕು. ‘ಇದು ಸದ್ಯಕ್ಕೆ’ ಎಂದು ಸೂಚಿಸುವ 302 ಎಂಬ ಅಂಕೆಯನ್ನು ಬಳಸುವುದು ಲೇಸು. ‘ಇದು ಶಾಶ್ವತ’ ಎನ್ನುವ 301ನ್ನು ಬಳಸಿದರೆ ಬ್ರೌಸರು ಅದನ್ನು ನೆನಪಿಟ್ಟುಕೊಂಡು ಮುಂದೆ ಕೇಳದೆಯೇ ಅಲ್ಲಿಗೆ ಹೋಗಬಹುದು. ದಾರಿಯ ನಡುವೆ ಪುಟಗಳನ್ನು ಕೂಡಿಡುವ ಉಗ್ರಾಣಗಳಿರುತ್ತವೆ. ‘ಈ ಉತ್ತರ ಕೇಳಿದವನ ಪ್ರವರವನ್ನು ಅವಲಂಬಿಸಿದೆ’ ಎಂಬ ಚೀಟಿಯನ್ನು ಉತ್ತರಕ್ಕೆ ಅಂಟಿಸದಿದ್ದರೆ, ಉಗ್ರಾಣದವನು ಫೋನಿಗೆಂದು ಕೊಟ್ಟುದನ್ನೇ ಕಂಪ್ಯೂಟರಿಗೂ ಕೊಟ್ಟುಬಿಡುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ‘ಪೂರ್ಣ ತಾಣಕ್ಕೆ ಹೋಗಿರಿ’ ಎಂಬ ಒಂದು ಕೊಂಡಿ ಅಲ್ಲಿರಬೇಕು. ಅದನ್ನು ಒತ್ತಿದವನನ್ನು ಮತ್ತೆ ಹಿತ್ತಿಲಿಗೆ ಎಳೆತರಬಾರದು.

ಇತ್ತ ಬ್ರೌಸರುಗಳೂ ಈ ಪ್ರವರದ ಸಹವಾಸ ಸಾಕೆಂಬ ನಿರ್ಧಾರಕ್ಕೆ ಬಂದಂತಿವೆ. 2019ರಿಂದ ಐಪ್ಯಾಡು ತಾನು ಮ್ಯಾಕ್ ಕಂಪ್ಯೂಟರೆಂದೇ ಹೇಳಿಕೊಳ್ಳುತ್ತಿದೆ. ಕ್ರೋಮ್ 2023ರ ಹೊತ್ತಿಗೆ ತನ್ನ ಸಾಲನ್ನು ಮೊಟಕುಗೊಳಿಸಿತು. ಫೋನಿನ ಮಾದರಿ ಯಾವುದೇ ಇರಲಿ, ಅದು ‘ಕೆ’ ಎಂಬ ಒಂದಕ್ಷರ. ಆಂಡ್ರಾಯ್ಡ್ ಎಷ್ಟನೆಯದೇ ಇರಲಿ, ಅದು 10. ಮೊದಲು ತೋರಿಸಿದ ಸಾಲಿನಲ್ಲಿ ವಾಚಕರು ಕಂಡ ‘ಕೆ’ ಇದೇ. ಉದ್ದನೆಯ ಪ್ರವರದಿಂದ ವ್ಯಕ್ತಿಯ ಬೆನ್ನುಹತ್ತುವವರಿಗೆ ಅನುಕೂಲವಾಗುತ್ತಿದ್ದುದೇ ಇದಕ್ಕೆ ಕಾರಣ. ಅದರ ಬದಲಿಗೆ ಕ್ರೋಮ್ ‘ಮೊಬೈಲು ಹೌದೇ, ಅಲ್ಲವೇ’ ಎಂಬುದನ್ನು ಒಂದು ಅಥವಾ ಸೊನ್ನೆಯಲ್ಲಿ ಬೇರೆಯಾಗಿ ತಿಳಿಸುತ್ತದೆ.

ದೊಡ್ಡ ಮನೆಗಳೂ ಹಿತ್ತಿಲ ಬಾಗಿಲನ್ನು ಮುಚ್ಚುತ್ತಿವೆ. ವಿಕಿಪೀಡಿಯವು ಬಹು ವರ್ಷಗಳ ಕಾಲ ಫೋನಿನವರನ್ನು ‘ಎಂ’ ಸೇರಿಸಿದ ವಿಳಾಸಕ್ಕೆ ಕಳುಹಿಸುತ್ತಿತ್ತು. ನಮ್ಮ ಸೋದರತ್ತೆಯವರು ಮೈಸೂರಿನಿಂದ ಮನೆಮಂದಿಯ ವಾಟ್ಸ್ಯಾಪ್ ಗುಂಪಿಗೆ ಒಂದಲ್ಲ ಒಂದು ವಿಕಿಪೀಡಿಯ ಲೇಖನದ ಕೊಂಡಿಯನ್ನು ಕಳುಹಿಸುವರು. ಅದನ್ನು ನಾನು ಕಾಲೇಜಿನ ಕಂಪ್ಯೂಟರಿನಲ್ಲಿ ತೆರೆದರೆ ಅಲ್ಲಿಯೂ ಫೋನಿನ ಪುಟವೇ ಬರುತ್ತಿತ್ತು. ಹೋಗುವ ದಾರಿಯಲ್ಲಿ ಕಾವಲುಗಾರನಿದ್ದನೇ ಹೊರತು ಹಿಂದಿರುಗುವ ದಾರಿಯಲ್ಲಿ ಯಾರೂ ಇರಲಿಲ್ಲ. 2025ರಲ್ಲಿ ವಿಕಿಮೀಡಿಯ ಪ್ರತಿಷ್ಠಾನವು ಈ ಅಟ್ಟುವ ಪದ್ಧತಿಯನ್ನು ಕೈಬಿಟ್ಟು, ಫೋನಿಗೂ ಕಂಪ್ಯೂಟರಿಗೂ ಒಂದೇ ವಿಳಾಸವನ್ನು ಮಾಡಿತು. ಬಂದವರ ಪ್ರವರವನ್ನು ಕೇಳಿ ಪುಟದ ರೂಪವನ್ನು ಬದಲಿಸುವುದು ಅಲ್ಲಿ ಇನ್ನೂ ಉಂಟು. ಬಾಗಿಲು ಮಾತ್ರ ಒಂದೇ. ಅತ್ತೆಯವರ ಹಳೆಯ ಸಂದೇಶಗಳಲ್ಲಿ ಆ ‘ಎಂ’ ಈಗಲೂ ಹಾಗೆಯೇ ಉಳಿದಿದೆ.